ಕೈ ಎತ್ತುವ ಮೊದಲೇ ಕಾಲಿಗೆ ಗೊತ್ತಿರುತ್ತದೆ

ಇದು ಇತ್ತೀಚೆಗೆ ನಾನು ಕೊಟ್ಟ ಒಂದು ಉಪನ್ಯಾಸದ ಬರಹ ರೂಪ. ಮಾತಾಡಿದ್ದನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಪರದೆ ಮೇಲೆ ಚಿತ್ರ ತೋರಿಸಿ ಮುಗಿಸಿದ್ದ ಕಡೆ ಮಾತ್ರ ನಾಲ್ಕು ಸಾಲು ಜಾಸ್ತಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಕೆಲಸ. ಒಂದು ಕೈಯನ್ನು ಮುಖದ ಮುಂದೆ ಹಿಡಿದುಕೊಳ್ಳಿ, ಅಂಗೈ ಗೆರೆಗಳು ಚೆನ್ನಾಗಿ ಕಾಣುವಷ್ಟು ದೂರದಲ್ಲಿ. ತಲೆ ಅಲ್ಲಾಡಿಸಬೇಡಿ. ಈಗ ಕೈಯನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಆಡಿಸಿ. ಗೆರೆಗಳೆಲ್ಲ ಕಲಸಿಹೋದವು, ಅಲ್ವಾ? ಸರಿ, ಕೈ ನಿಲ್ಲಿಸಿ. ಈಗ ಅದೇ ವೇಗದಲ್ಲಿ ತಲೆಯನ್ನು ಆಡಿಸಿ, "ಬೇಡ ಬೇಡ" ಅನ್ನುವ ಹಾಗೆ. ಗೆರೆ ಒಂದೊಂದೂ ಕಾಣುತ್ತಿದೆ.

ಕಣ್ಣು ಅದೇ, ಕೈ ಅದೇ, ವೇಗವೂ ಅದೇ. ಹಾಗಾದರೆ ಬದಲಾಗಿದ್ದು ಏನು? ತಲೆ ಆಡಿದ್ದು ಒಳಗಿವಿಯ ಸಮತೋಲನದ ಅಂಗಕ್ಕೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಮೂರೇ ಮೂರು ನರಕೋಶಗಳ ದಾರಿ. ತಲೆ ಬಲಕ್ಕೆ ಎಷ್ಟು ಹೋಯಿತೋ ಕಣ್ಣು ಅಷ್ಟೇ ಎಡಕ್ಕೆ ತಿರುಗುತ್ತದೆ, ಅದೂ ಸುಮಾರು 10 ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಕೈ ಆಡಿದಾಗ ಹಾಗಲ್ಲ. ಕಣ್ಣು ಅದನ್ನು ನೋಡಬೇಕು, ಮೆದುಳು ಲೆಕ್ಕ ಹಾಕಬೇಕು, ಆಮೇಲೆ ಹಿಂಬಾಲಿಸಬೇಕು. ಅದಕ್ಕೆ ಹೆಚ್ಚು ಕಡಿಮೆ ಹತ್ತು ಪಟ್ಟು ಸಮಯ ಬೇಕು. ಅಷ್ಟರಲ್ಲಿ ಕೈ ಬೇರೆ ಕಡೆ ಹೋಗಿರುತ್ತದೆ.

ಈಗ ಗಮನಿಸಿ, ತಲೆ ಆಡಿಸುವಾಗ ನೀವು ಕಣ್ಣಿಗೆ ಏನೂ ಹೇಳಲಿಲ್ಲ. ಹೇಳಬೇಕು ಅಂತ ಗೊತ್ತೂ ಇರಲಿಲ್ಲ. ಆದರೂ ಒಂದೊಂದು ಕಣ್ಣಿನ ಆರು ಸ್ನಾಯುಗಳು ಅಳತೆ ತಪ್ಪದೆ ಕೆಲಸ ಮಾಡಿದವು.

ನಾನು ಎಷ್ಟೋ ವರ್ಷ ಶರೀರಶಾಸ್ತ್ರ ಪಾಠ ಮಾಡಿದವನು. ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಹೇಳಿಕೊಡುತ್ತಿದ್ದದ್ದು ಹೀಗೆ: ಮೆದುಳು ಅಪ್ಪಣೆ ಕೊಡುತ್ತದೆ, ನರ ಅದನ್ನು ಹೊತ್ತು ಒಯ್ಯುತ್ತದೆ, ಸ್ನಾಯು ಹೇಳಿದಂತೆ ಕೇಳುತ್ತದೆ. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಸ್ನಾಯುವಿಗೆ ಹೋಗುವ ನರವನ್ನು ಅಡ್ಡ ಕೊಯ್ದು ನೋಡಿದರೆ ಅದರಲ್ಲಿ ಅಪ್ಪಣೆ ಒಯ್ಯುವ ಎಳೆಗಳು ಮಾತ್ರ ಇರುವುದಿಲ್ಲ. ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಎಳೆಗಳು ಸ್ನಾಯುವಿನಿಂದ ಸುದ್ದಿ ತರುವಂಥವು. ಇದನ್ನು 1894ರಲ್ಲೇ ಚಾರ್ಲ್ಸ್ ಶೆರಿಂಗ್ಟನ್ ತೋರಿಸಿದ್ದರು. ಸುಮ್ನೆ ಎಳೆದು ಬಿಡುವ ಹಗ್ಗವಾಗಿದ್ದರೆ ಸ್ನಾಯುವಿಗೆ ಇಷ್ಟೊಂದು ಸುದ್ದಿ ಹೇಳುವುದು ಏನಿರುತ್ತಿತ್ತು? ಇವತ್ತಿನ ನನ್ನ ಮಾತೆಲ್ಲ ಈ ವಾಪಸ್ ಬರುವ ಸುದ್ದಿಯ ಬಗ್ಗೆ. ಅದಿಲ್ಲದೆ ಅಪ್ಪಣೆಗೆ ಅರ್ಥವೇ ಇಲ್ಲ ಅನ್ನುವುದು ನನಗೆ ನಿಧಾನವಾಗಿ, ತುಂಬ ತಡವಾಗಿ ತಿಳಿದ ವಿಷಯ.

ಕೆಳಗಿನಿಂದ ಶುರು ಮಾಡೋಣ. ಸ್ನಾಯುವಿಗೆ ಗೊತ್ತಿರುವುದು ಒಂದೇ ಕೆಲಸ, ಎಳೆಯುವುದು. ತಳ್ಳಲು ಅದಕ್ಕೆ ಬರುವುದಿಲ್ಲ. ನೀವು ಬಾಗಿಲು ತಳ್ಳುವಾಗಲೂ ಒಳಗೆ ಯಾವುದೋ ಸ್ನಾಯು ಮೂಳೆಯನ್ನು ಎಳೆಯುತ್ತಿರುತ್ತದೆ. ಅದಕ್ಕೇ ಸ್ನಾಯುಗಳು ಜೋಡಿಯಾಗಿರುತ್ತವೆ, ತೋಳು ಮಡಚಲು ಮುಂದೊಂದು, ಬಿಡಿಸಲು ಹಿಂದೊಂದು. ಬೆನ್ನುಹುರಿಯಲ್ಲಿರುವ ಮೋಟಾರ್ ನರಕೋಶ ಒಂದು ಉದ್ದ ಎಳೆಯನ್ನು ಸ್ನಾಯುವಿನವರೆಗೆ ಚಾಚಿರುತ್ತದೆ. ಪಾದದ ಸ್ನಾಯುವಿಗೆ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದ. ಒಂದೇ ಜೀವಕೋಶ, ಒಂದು ಮೀಟರ್! ಸ್ನಾಯು ತಲುಪಿದ ಮೇಲೆ ಆ ಎಳೆ ಕವಲೊಡೆದು ಹಲವು ಸ್ನಾಯು ನಾರುಗಳನ್ನು ಮುಟ್ಟುತ್ತದೆ. ಕಣ್ಣಿನ ಸ್ನಾಯುವಿನಲ್ಲಿ ಒಂದು ನರಕೋಶದ ಕೈಕೆಳಗೆ ಇರುವುದು ಹತ್ತರ ಆಸುಪಾಸಿನ ನಾರುಗಳು. ಮೀನಖಂಡದಲ್ಲಿ ಸಾವಿರಕ್ಕೂ ಜಾಸ್ತಿ. ಕಣ್ಣಿಗೆ ನಾಜೂಕು ಬೇಕು, ಕಾಲಿಗೆ ಬಲ ಬೇಕು.

ಆ ನರಕೋಶಗಳು ಕೆಲಸಕ್ಕಿಳಿಯುವುದಕ್ಕೂ ಒಂದು ಸರದಿ ಇದೆ. ಮೊದಲು ಚಿಕ್ಕವು, ಆಮೇಲೆ ದೊಡ್ಡವು. ಎಲ್‌ವುಡ್ ಹೆನ್ನೆಮನ್ ಎಂಬ ವಿಜ್ಞಾನಿ 1957ರಲ್ಲಿ ಇದನ್ನು ಗುರುತಿಸಿದರು. ಚಿಕ್ಕ ನರಕೋಶಗಳ ನಾರು ಕಡಿಮೆ, ಬಲ ಕಡಿಮೆ, ಆದರೆ ಬೇಗ ದಣಿಯುವುದಿಲ್ಲ. ಪೆನ್ನು ಹಿಡಿಯಲು ಅವು ಸಾಕು. ಭಾರ ಎತ್ತುವಾಗ ಒಂದೊಂದಾಗಿ ದೊಡ್ಡವು ಸೇರಿಕೊಳ್ಳುತ್ತವೆ. ಹೊಸದಾಗಿ ಭಾರ ಎತ್ತಲು ಶುರು ಮಾಡಿದವರ ಬಲ ಮೊದಲ ಕೆಲವು ವಾರಗಳಲ್ಲೇ ಹೆಚ್ಚುತ್ತದೆ, ತೋಳು ನೋಡಿದರೆ ಇದ್ದ ಹಾಗೇ ಇರುತ್ತದೆ. ಆಗ ಬೆಳೆದಿರುವುದು ಮುಖ್ಯವಾಗಿ ಸ್ನಾಯು ಅಲ್ಲ, ಅದನ್ನು ಕೆಲಸಕ್ಕೆ ಕರೆಯುವ ನರಗಳ ಚಾಕಚಕ್ಯತೆ.

ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಹೋಗುತ್ತದೆ? ಅದನ್ನು ಅಳೆಯಲು ಸಾಧ್ಯವೇ ಇಲ್ಲ ಅಂತ ದೊಡ್ಡ ದೊಡ್ಡವರು ನಂಬಿದ್ದ ಕಾಲದಲ್ಲಿ, 1850ರಲ್ಲಿ, ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದೇಬಿಟ್ಟರು. ಸೆಕೆಂಡಿಗೆ ಸುಮಾರು 30 ಮೀಟರ್. ಮನುಷ್ಯರಲ್ಲಿ ಅತಿ ವೇಗದ ಎಳೆಗಳು ಸೆಕೆಂಡಿಗೆ 100 ಮೀಟರ್ ದಾಟುತ್ತವೆ. ನಿಧಾನವಾಗಿ ಬರುವ ನೋವಿನ ಎಳೆಗಳದ್ದು ಸೆಕೆಂಡಿಗೆ ಒಂದು ಮೀಟರಿನಷ್ಟು. ಕಾಲ್ಬೆರಳು ಎಡವಿದಾಗ ಮೊದಲು ಏಟು ಗೊತ್ತಾಗಿ, ಒಂದು ಕ್ಷಣ ಬಿಟ್ಟು ಆ ಉರಿಯುವ ನೋವು ಬರುತ್ತದಲ್ಲ, ಅದಕ್ಕೆ ಇದೇ ಕಾರಣ. ವೇಗ ಎಷ್ಟೇ ಇದ್ದರೂ ತಡ ಅನ್ನುವುದು ಇದ್ದೇ ಇದೆ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ನರ ಮತ್ತು ಸ್ನಾಯು ಸೇರುವ ಜಾಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿ ಒಂದು ಕೂದಲೆಳೆಗಿಂತ ಎಷ್ಟೋ ಚಿಕ್ಕ ಸಂದಿ ಇದೆ. ವಿದ್ಯುತ್ತು ಅದನ್ನು ದಾಟುವುದಿಲ್ಲ. ನರದ ತುದಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಚಿಮ್ಮಿಸುತ್ತದೆ, ಅದು ಸ್ನಾಯುವನ್ನು ಎಬ್ಬಿಸುತ್ತದೆ, ಸ್ನಾಯುವಿನ ಒಳಗೆ ಕ್ಯಾಲ್ಸಿಯಂ ಹರಿಯುತ್ತದೆ, ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಇದರಲ್ಲಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುವ ಒಂದು ಸಂಗತಿ ಇದೆ. ಮಯೋಸಿನ್ ಹಿಡಿದ ಪಟ್ಟು ಬಿಡಬೇಕಾದರೂ ಶಕ್ತಿ ಬೇಕು, ಜೀವಕೋಶಕ್ಕೆ ಇಂಧನವಾಗಿರುವ ಎಟಿಪಿ ಬೇಕು. ಸತ್ತ ಮೇಲೆ ಆ ಶಕ್ತಿ ಮುಗಿದುಹೋಗುತ್ತದೆ, ಪಟ್ಟು ಸಡಿಲವಾಗುವುದಿಲ್ಲ, ದೇಹ ಸೆಟೆದುಕೊಳ್ಳುತ್ತದೆ.

ಬಿಡುವುದೂ ಒಂದು ಕೆಲಸ. ಇದು ನರಗಳ ಮಟ್ಟದಲ್ಲೂ ನಿಜ. ತೋಳು ಮಡಚುವ ಸ್ನಾಯುವಿಗೆ "ಎಳಿ" ಅನ್ನುವ ಸುದ್ದಿ ಹೋದಾಗ, ಬೆನ್ನುಹುರಿಯಲ್ಲೇ ಇರುವ ತಡೆಯುವ ನರಕೋಶಗಳು ಎದುರಿನ ಸ್ನಾಯುವನ್ನು ಸುಮ್ಮನಾಗಿಸುತ್ತವೆ. ಆ ತಡೆ ಇಲ್ಲದಿದ್ದರೆ ಏನಾಗುತ್ತದೆ? ಧನುರ್ವಾಯು ಆಗುತ್ತದೆ. ಆ ರೋಗಾಣುವಿನ ವಿಷ ನರದ ಮೂಲಕವೇ ಬೆನ್ನುಹುರಿಗೆ ಹತ್ತಿ, ತಡೆಯುವ ನರಕೋಶಗಳ ಬಾಯಿ ಕಟ್ಟುತ್ತದೆ. ಆಗ ಮುಂದಿನ ಸ್ನಾಯು, ಹಿಂದಿನ ಸ್ನಾಯು ಎರಡೂ ಒಟ್ಟಿಗೆ ಎಳೆಯತೊಡಗುತ್ತವೆ. ಬೆನ್ನಿನ ಸ್ನಾಯುಗಳ ಬಲ ಜಾಸ್ತಿ, ಹಾಗಾಗಿ ದೇಹ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ. ಧನುಸ್ಸು ಅನ್ನುವ ಮಾತು ಆ ಕಾಯಿಲೆಯ ಹೆಸರಿನಲ್ಲಿ ಬಂದದ್ದು ಹಾಗೆ. ನಮ್ಮ ಹಿರಿಯರು ನರಕೋಶ ನೋಡಿರಲಿಲ್ಲ, ಆದರೆ ಆ ಬಿಲ್ಲನ್ನು ಕಣ್ಣಾರೆ ನೋಡಿದ್ದರು.

ಈಗ ಬೆನ್ನುಹುರಿ. ಮೊಣಕಾಲ ಚಿಪ್ಪಿನ ಕೆಳಗೆ ಡಾಕ್ಟರು ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತಾರೆ, ಕಾಲು ಒದೆಯುತ್ತದೆ. 1875ರಲ್ಲಿ ವಿಲ್ಹೆಲ್ಮ್ ಎರ್ಬ್ ಮತ್ತು ಕಾರ್ಲ್ ವೆಸ್ಟ್‌ಫಾಲ್ ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಬರೆದರು. ಅಂದಿನಿಂದ ಇದು ಪರೀಕ್ಷೆಯಾಗಿ ಉಳಿದಿದೆ. ತಟ್ಟಿದಾಗ ತೊಡೆಯ ಸ್ನಾಯು ಒಂದು ಚೂರು ಹಿಗ್ಗುತ್ತದೆ. ಸ್ನಾಯುವಿನ ಒಳಗೆ ಕದಿರಿನ ಆಕಾರದ ಪುಟ್ಟ ಅಂಗಗಳಿವೆ, ಸ್ಪಿಂಡಲ್ ಅನ್ನುತ್ತಾರೆ. ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ಗಿತು ಅಂತ ಅಳೆಯುವುದೇ ಅವುಗಳ ಕೆಲಸ. ಆ ಸುದ್ದಿ ಬೆನ್ನುಹುರಿಗೆ ಹೋಗಿ, ಒಂದೇ ಒಂದು ಸಿನಾಪ್ಸ್, ಅಂದರೆ ಎರಡು ನರಕೋಶ ಸೇರುವ ಸಂದಿ, ದಾಟಿ, ಅದೇ ಸ್ನಾಯುವಿಗೆ "ಎಳಿ" ಅಂತ ವಾಪಸ್ ಬರುತ್ತದೆ. ಮೆದುಳಿಗೆ ಗೊತ್ತಾಗುವಷ್ಟರಲ್ಲಿ ಕಾಲು ಹೊರಟಾಗಿರುತ್ತದೆ.

ಸ್ಪಿಂಡಲ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮ ಕೈ ಎಲ್ಲಿದೆ ಅಂತ ನಿಮಗೆ ಗೊತ್ತಿರುವುದು ಬಹುಪಾಲು ಇವುಗಳಿಂದಲೇ. ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಿ. ಮುಟ್ಟಿದಿರಿ. ಹೇಗೆ ಸಾಧ್ಯವಾಯಿತು? ಶಾಲೆಯಲ್ಲಿ ಪಂಚೇಂದ್ರಿಯ ಅಂತ ಕಲಿಸಿದ ಆ ಐದರಲ್ಲಿ ಇದು ಯಾವುದೂ ಅಲ್ಲ. ಈ ಇಂದ್ರಿಯಕ್ಕೆ ಮೋಸ ಮಾಡಲೂ ಬಹುದು. ಕಣ್ಣು ಮುಚ್ಚಿದವರ ತೋಳಿನ ಮುಂಭಾಗದ ಸ್ನಾಯುವಿನ ತುದಿಗೆ, ಮೊಣಕೈ ಹತ್ತಿರ, ಕಂಪಿಸುವ ಸಾಧನ ಒತ್ತಿಹಿಡಿದರೆ, ಸ್ಪಿಂಡಲ್‌ಗಳು "ನಾವು ಹಿಗ್ಗುತ್ತಿದ್ದೇವೆ" ಅಂತ ಸುದ್ದಿ ಕಳಿಸುತ್ತವೆ. ಕೈ ಇದ್ದಲ್ಲೇ ಇದೆ, ಆದರೆ ಆ ಮನುಷ್ಯನಿಗೆ ತೋಳು ಬಿಚ್ಚಿಕೊಳ್ಳುತ್ತಿದೆ ಅನ್ನಿಸುತ್ತದೆ. ಅದೇ ಹೊತ್ತಿಗೆ ಅವರು ಬೆರಳಲ್ಲಿ ಮೂಗು ಹಿಡಿದಿದ್ದರೆ? ಕೈ ದೂರ ಹೋಗುತ್ತಿದೆ, ಮೂಗು ಮಾತ್ರ ಕೈಯಲ್ಲೇ ಇದೆ, ಹಾಗಾದರೆ ಮೂಗೇ ಬೆಳೆಯುತ್ತಿರಬೇಕು! ಕೆಲವರಿಗೆ ನಿಜವಾಗಿಯೂ ಮೂಗು ಉದ್ದವಾದಂತೆ ಅನ್ನಿಸುತ್ತದೆ. ಜೇಮ್ಸ್ ಲ್ಯಾಕ್ನರ್ 1988ರಲ್ಲಿ ಇದನ್ನು ವರದಿ ಮಾಡಿದರು. ನಮ್ಮ ದೇಹದ ಬಗ್ಗೆ ನಮಗಿರುವ ಅರಿವು ಎಷ್ಟು ಗಟ್ಟಿ ಅಂದುಕೊಂಡಿರುತ್ತೇವೆ, ನೋಡಿದರೆ ಅದು ಕ್ಷಣ ಕ್ಷಣಕ್ಕೂ ಬರುವ ಸುದ್ದಿಯಿಂದ ಕಟ್ಟಿಕೊಂಡದ್ದು.

ಆ ಸುದ್ದಿಯೇ ನಿಂತುಹೋದರೆ?

ಇಯಾನ್ ವಾಟರ್‌ಮನ್ ಎಂಬ ಇಂಗ್ಲಿಷ್ ಮನುಷ್ಯನ ಕಥೆ ನರವಿಜ್ಞಾನದಲ್ಲಿ ಎಲ್ಲರಿಗೂ ಗೊತ್ತು. 1971ರಲ್ಲಿ ಅವರಿಗೆ 19 ವರ್ಷ. ಒಂದು ವೈರಸ್ ಸೋಂಕು ಬಂತು. ಅದರ ನಂತರ ಅವರ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು, ಕುತ್ತಿಗೆಯಿಂದ ಕೆಳಗೆ ಸ್ಪರ್ಶ ಮತ್ತು ಅಂಗಗಳ ಇರುವಿಕೆಯ ಸುದ್ದಿ ತರುವ ನರಗಳನ್ನು ಹಾಳು ಮಾಡಿತು. ನೋವು, ಬಿಸಿ, ತಂಪು ಗೊತ್ತಾಗುತ್ತಿತ್ತು. ಅಪ್ಪಣೆ ಒಯ್ಯುವ ನರಗಳಿಗೆ ಏನೂ ಆಗಿರಲಿಲ್ಲ. ಸ್ನಾಯುಗಳಿಗೂ ಏನೂ ಆಗಿರಲಿಲ್ಲ. ಅಪ್ಪಣೆ ಕೊಟ್ಟರೆ ಸ್ನಾಯು ಕೇಳುತ್ತದೆ ಅನ್ನುವುದೇ ಪೂರ್ತಿ ಕಥೆಯಾಗಿದ್ದರೆ ಅವರು ಎದ್ದು ನಡೆಯಬೇಕಿತ್ತು. ನಡೆಯಲಿಲ್ಲ. ಕೂರಲೂ ಆಗಲಿಲ್ಲ. ಕೈ ಎತ್ತಲು ಹೋದರೆ ಅದು ಎಲ್ಲೋ ಹೋಗುತ್ತಿತ್ತು, ಎಲ್ಲಿ ಹೋಯಿತು ಅಂತಲೂ ತಿಳಿಯುತ್ತಿರಲಿಲ್ಲ. ಇನ್ನು ಮುಂದೆ ಗಾಲಿ ಕುರ್ಚಿಯೇ ಗತಿ ಅಂತ ವೈದ್ಯರು ಅಂದುಕೊಂಡರು.

ಅವರು ಹಿಡಿದ ದಾರಿ ಕಣ್ಣು. ಅಂಗವನ್ನು ನೋಡುತ್ತಾ, ಒಂದೊಂದು ಚಲನೆಯನ್ನೂ ಮೊದಲು ಮನಸ್ಸಿನಲ್ಲಿ ಯೋಚಿಸಿ, ಆಮೇಲೆ ಮಾಡಿ, ಆಗಿದೆಯಾ ಅಂತ ನೋಡಿ ಸರಿಪಡಿಸಿಕೊಂಡು, ಹೀಗೆ ತಿಂಗಳುಗಟ್ಟಲೆ ಸಾಧನೆ ಮಾಡಿ ಕೂರಲು ಕಲಿತರು, ನಿಲ್ಲಲು ಕಲಿತರು, ಒಂದು ವರ್ಷಕ್ಕೂ ಮೀರಿ ಶ್ರಮಪಟ್ಟು ನಡೆಯಲು ಕಲಿತರು. ಕಾರು ಓಡಿಸುವುದನ್ನೂ ಕಲಿತರು. ಹೊರಗಿನಿಂದ ನೋಡಿದವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಆದರೆ ದೀಪ ಆರಿದರೆ ಮುಗಿಯಿತು. ಕತ್ತಲಾದ ಕ್ಷಣ ಅವರು ಕುಸಿದುಬಿಡುತ್ತಾರೆ. ನಾನೂ ನೀವೂ ಎದ್ದು ನಿಂತು ಮಾತಾಡುವುದಕ್ಕೆ ಏನೂ ಖರ್ಚಾಗುವುದಿಲ್ಲ ಅಂದುಕೊಂಡಿದ್ದೇವೆ. ಅವರಿಗೆ ಅದು ಎಚ್ಚರವಿರುವಷ್ಟು ಹೊತ್ತೂ ಬಿಡದೆ ಮಾಡಬೇಕಾದ ಲೆಕ್ಕ. ಈ ಕಥೆ ಹೇಳುವಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಉಕ್ಕಿ ಬರುತ್ತದೆ. ಇನ್ನೂ ಒಂದು ಸೋಜಿಗ ಇದೆ. ಮಾತಾಡುವಾಗ ನಾವು ಕೈ ಆಡಿಸುತ್ತೇವಲ್ಲ, ಅವರ ಕೈಗಳನ್ನು ಅವರಿಗೇ ಕಾಣದಂತೆ ಮರೆ ಮಾಡಿದರೂ ಮಾತಿನ ಜೊತೆಗಿನ ಆ ಕೈಸನ್ನೆಗಳು ಸರಿಯಾದ ಹೊತ್ತಿಗೆ ಬರುತ್ತಲೇ ಇದ್ದವು. ಹಾಗಾದರೆ ಮಾತಿನ ಜೊತೆ ಆಡುವ ಕೈ ಮತ್ತು ಲೋಟ ಹಿಡಿಯುವ ಕೈ, ಎರಡಕ್ಕೂ ಒಳಗಿನ ದಾರಿ ಒಂದೇ ಇರಲಿಕ್ಕಿಲ್ಲ.

ಸರಿ, ಮೆದುಳಿಗೆ ಬರೋಣ. 1870ರಲ್ಲಿ ಬರ್ಲಿನ್‌ನಲ್ಲಿ ಗುಸ್ತಾವ್ ಫ್ರಿಟ್ಶ್ ಮತ್ತು ಎಡ್ವರ್ಡ್ ಹಿಟ್ಜಿಗ್ ನಾಯಿಯ ಮೆದುಳಿನ ಹೊರಪದರಕ್ಕೆ ಸಣ್ಣ ವಿದ್ಯುತ್ತು ಕೊಟ್ಟು ನೋಡಿದರು. ಒಂದು ಕಡೆ ಮುಟ್ಟಿದರೆ ಎದುರು ಬದಿಯ ಕಾಲು ಆಡಿತು, ಇನ್ನೊಂದು ಕಡೆ ಮುಟ್ಟಿದರೆ ಮುಖ. ಮೆದುಳಿನಿಂದ ಇಳಿದು ಬರುವ ಎಳೆಗಳಲ್ಲಿ ಬಹುಪಾಲು ಮೆದುಳು ಬೆನ್ನುಹುರಿಯನ್ನು ಸೇರುವ ಕಡೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ, ಅದಕ್ಕೇ ಎಡ ಮೆದುಳಿಗೆ ಪೆಟ್ಟಾದರೆ ಬಲಗೈ ಬಿದ್ದುಹೋಗುವುದು. ಮುಂದೆ 1930ರ ದಶಕದಲ್ಲಿ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಶಸ್ತ್ರಚಿಕಿತ್ಸೆ ಮಾಡುತ್ತಾ ಮನುಷ್ಯನ ಮೆದುಳಿನಲ್ಲೂ ಇಂಥ ನಕ್ಷೆ ಗುರುತಿಸಿದರು. ಆ ನಕ್ಷೆಯಲ್ಲಿ ಬೆನ್ನಿಗೆ ಒಂದಿಷ್ಟು ಜಾಗ, ಬೆರಳು ತುಟಿ ನಾಲಿಗೆಗೆ ಎಕರೆಗಟ್ಟಲೆ.

ಆದರೆ ಇದನ್ನು ಸ್ನಾಯುಗಳ ನಕ್ಷೆ ಅಂದುಕೊಳ್ಳಬೇಡಿ. ನಿಮ್ಮ ಸಹಿಯನ್ನು ಕಾಗದದ ಮೇಲೆ ಹಾಕಿ. ಆಮೇಲೆ ಗೋಡೆಯಷ್ಟು ದೊಡ್ಡ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಹಾಕಿ. ಮೊದಲನೆಯದಕ್ಕೆ ಬೆರಳು, ಎರಡನೆಯದಕ್ಕೆ ಭುಜ. ಸ್ನಾಯುಗಳು ಪೂರ್ತಿ ಬೇರೆ, ಸಹಿ ಮಾತ್ರ ನಿಮ್ಮದೇ. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಕೆಲಸಗಾರರ ಕೀಲುಗಳಿಗೆ ಪುಟ್ಟ ಬಲ್ಬು ಕಟ್ಟಿ, ಸುತ್ತಿಗೆ ಬೀಸುವುದನ್ನು ಫೋಟೊ ತೆಗೆದರು. ನುರಿತ ಕೆಲಸಗಾರನ ಏಟು ಪ್ರತಿ ಸಲ ಒಂದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಹೋಗುತ್ತಿದ್ದ ದಾರಿ ಯಾವ ಎರಡು ಸಲವೂ ಒಂದೇ ಆಗಿರಲಿಲ್ಲ. ಭುಜ ಒಂದು ಚೂರು ತಪ್ಪಿದರೆ ಮೊಣಕೈ ಅದನ್ನು ಸರಿ ಮಾಡುತ್ತಿತ್ತು. ಪಳಗಿದ ಕೈ ಅಂತೀವಲ್ಲ, ಅದು ಒಂದೇ ಚಲನೆಯನ್ನು ಕಂಠಪಾಠ ಮಾಡಿದ ಕೈ ಅಲ್ಲ. ತಪ್ಪನ್ನು ದಾರಿಯಲ್ಲೇ ತಿದ್ದಿಕೊಳ್ಳಲು ಬರುವ ಕೈ.

ಈಗ ಆಗಲೇ ನೆನಪಿಡಿ ಅಂದಿದ್ದ ಆ ತಡದ ವಿಷಯ. ಕಣ್ಣಿನಿಂದ ಬಂದ ಸುದ್ದಿ ಕೈಯನ್ನು ತಿದ್ದಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಜಾಸ್ತಿ ಬೇಕು. ಹಾಗಾದರೆ ವಾಪಸ್ ಬರುವ ಸುದ್ದಿ ಯಾವಾಗಲೂ ಹಳಸಿದ ಸುದ್ದಿ. ಅದನ್ನೇ ನಂಬಿ ವೇಗವಾಗಿ ಓಡಿದರೆ ಬೀಳುವುದು ಖಂಡಿತ. ದೇಹ ಇದಕ್ಕೆ ಕಂಡುಕೊಂಡ ಉಪಾಯ ಅಂದರೆ, ಬರುವ ಸುದ್ದಿ ಹೇಗಿರುತ್ತದೆ ಅಂತ ಮೊದಲೇ ಊಹಿಸುವುದು.

ಇದನ್ನು ಪಕ್ಕದವರ ಜೊತೆ ಮಾಡಿ ನೋಡಿ. ಎಡ ಅಂಗೈ ಮೇಲೆ ದಪ್ಪ ಪುಸ್ತಕ ಇಟ್ಟುಕೊಳ್ಳಿ, ಕಣ್ಣು ಮುಚ್ಚಿ. ಪಕ್ಕದವರು ಅದನ್ನು ಪಟ್ಟನೆ ಎತ್ತಲಿ. ನಿಮ್ಮ ಕೈ ಮೇಲಕ್ಕೆ ಹಾರಿತು. ಈಗ ಮತ್ತೆ ಇಟ್ಟುಕೊಳ್ಳಿ. ಈ ಸಲ ನಿಮ್ಮ ಬಲಗೈಯಿಂದಲೇ ಎತ್ತಿ. ಎಡಗೈ ಅಲುಗಲೇ ಇಲ್ಲ! ಬಲಗೈಗೆ ಅಪ್ಪಣೆ ಹೋಗುವಾಗಲೇ ಎಡಗೈಗೂ ತಿಳಿದಿತ್ತು, ಭಾರ ಇಳಿಯುವ ಹೊತ್ತಿಗೆ ಸರಿಯಾಗಿ ಅದು ಸಡಿಲವಾಯಿತು. ನೀವು ಎಷ್ಟೇ ಹಟ ಹಿಡಿದರೂ, ಪಕ್ಕದವರು ಎತ್ತುವಾಗ ಹೀಗೆ ಮಾಡಲು ಆಗುವುದಿಲ್ಲ.

ಶೀರ್ಷಿಕೆಯ ಮಾತೂ ಇದೇ. ನಿಂತಿರುವ ಮನುಷ್ಯ ಒಂದು ತೋಳನ್ನು ಮುಂದಕ್ಕೆ ಚಟ್ಟನೆ ಎತ್ತುತ್ತಾನೆ. ತೋಳಿನ ಭಾರಕ್ಕೆ ದೇಹ ಮುಂದಕ್ಕೆ ವಾಲಬೇಕು. ವಾಲುವುದಿಲ್ಲ. 1967ರಲ್ಲಿ ಸೋವಿಯತ್ ಸಂಶೋಧಕರು ಸ್ನಾಯುಗಳ ವಿದ್ಯುತ್ತನ್ನು ಅಳೆದು ನೋಡಿದಾಗ, ಭುಜದ ಸ್ನಾಯು ಏಳುವ ಮೊದಲೇ ಕಾಲಿನ ಹಿಂಭಾಗದ ಸ್ನಾಯು ಎದ್ದಿತ್ತು. ತೋಳು ಇನ್ನೂ ಅಲುಗಿಲ್ಲ, ಕಾಲು ಆಗಲೇ ಗಟ್ಟಿಯಾಗಿ ನಿಂತಿದೆ.

ಈ ಊಹೆಯಲ್ಲಿ ದೊಡ್ಡ ಪಾಲು ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನದು. ತೂಕದಲ್ಲಿ ಅದು ಇಡೀ ಮೆದುಳಿನ ಹತ್ತನೇ ಒಂದು ಭಾಗದಷ್ಟು. ನರಕೋಶ ಎಣಿಸಿದರೆ ಮೆದುಳಿನ ಸುಮಾರು 8,600 ಕೋಟಿಯಲ್ಲಿ 6,900 ಕೋಟಿ ಅಲ್ಲೇ ಇವೆ. ಇದು 2009ರ ಎಣಿಕೆ. ಮೊದಲ ಮಹಾಯುದ್ಧದಲ್ಲಿ ಗುಂಡು ತಗಲಿ ಕಿರುಮೆದುಳು ಗಾಯಗೊಂಡ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ವೈದ್ಯರು ತುಂಬ ಸೂಕ್ಷ್ಮವಾಗಿ ಪರೀಕ್ಷಿಸಿದರು. ಆ ಸೈನಿಕರಿಗೆ ಲಕ್ವ ಹೊಡೆದಿರಲಿಲ್ಲ. ಆದರೆ ಕೈ ಗುರಿ ದಾಟಿ ಹೋಗುತ್ತಿತ್ತು, ಹತ್ತಿರ ಬಂದಾಗ ನಡುಗುತ್ತಿತ್ತು, ಒಂದೇ ಓಟದಲ್ಲಿ ಆಗಬೇಕಾದ ಚಲನೆ ತುಂಡು ತುಂಡಾಗುತ್ತಿತ್ತು. ಒಬ್ಬ ರೋಗಿಯ ಒಂದು ಕೈ ತಾನಾಗಿ ಕೆಲಸ ಮಾಡುತ್ತಿತ್ತು, ಇನ್ನೊಂದು ಕೈಗೆ ಮಾತ್ರ ಪ್ರತಿ ಹೆಜ್ಜೆಯನ್ನೂ ಯೋಚಿಸಬೇಕಿತ್ತು.

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಅಲ್ವಾ? ಅದೂ ಇದರಿಂದಲೇ. 1998ರಲ್ಲಿ ಲಂಡನ್ನಿನಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್ ಮತ್ತು ಕ್ರಿಸ್ ಫ್ರಿತ್ ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದರು. ನಮ್ಮ ಕೈಯಿಂದಲೇ ಆಗುವ ಸ್ಪರ್ಶವನ್ನು ಕಿರುಮೆದುಳು ಮೊದಲೇ ಊಹಿಸಿರುತ್ತದೆ. ಊಹಿಸಿದ್ದೇ ಬಂದರೆ ಮೆದುಳು ಅದಕ್ಕೆ ಬೆಲೆ ಕೊಡುವುದಿಲ್ಲ.

ಕೊನೆಯ ಭಾಗಕ್ಕೆ ಬಂದೆ. ಇದನ್ನು ಹೇಳುವುದು ನನಗೆ ಸುಲಭ ಅಲ್ಲ.

ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಅನ್ನುವ ನರಕೋಶಗಳ ಗುಂಪುಗಳಿವೆ. ಯಾವ ಚಲನೆ ಶುರುವಾಗಲಿ, ಯಾವುದು ಸುಮ್ಮನಿರಲಿ ಅಂತ ಆರಿಸುವುದರಲ್ಲಿ ಅವುಗಳ ಪಾತ್ರ ದೊಡ್ಡದು. ಅವಕ್ಕೆ ಡೋಪಮೈನ್ ಅನ್ನುವ ರಾಸಾಯನಿಕ ಪೂರೈಸುವ ನರಕೋಶಗಳು ಈ ಕಾಯಿಲೆಯಲ್ಲಿ ಒಂದೊಂದಾಗಿ ಸಾಯುತ್ತವೆ. ಜೇಮ್ಸ್ ಪಾರ್ಕಿನ್ಸನ್ ಇದನ್ನು ಬರೆದದ್ದು 1817ರಲ್ಲಿ. ಕಾರಣ ತಿಳಿಯಲು 140 ವರ್ಷ ಹಿಡಿಯಿತು. 1957ರ ಹೊತ್ತಿಗೆ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್, ಔಷಧಿ ಕೊಟ್ಟು ಅಲುಗಾಡದಂತೆ ಮಾಡಿದ ಮೊಲಗಳಿಗೆ, ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟು ಮತ್ತೆ ಓಡಾಡಿಸಿದರು. 1961ರಲ್ಲಿ ವಿಯೆನ್ನಾದಲ್ಲಿ ರೋಗಿಗಳಿಗೆ ಅದನ್ನೇ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. ಇವತ್ತಿಗೂ ಮುಖ್ಯ ಔಷಧಿ ಅದೇ.

ಅಪ್ಪ ಕೋಣೆಯಲ್ಲಿ ಸರಾಗವಾಗಿ ನಡೆಯುತ್ತಿದ್ದರು. ಬಾಗಿಲ ಹತ್ತಿರ ಬಂದರೆ ನಿಂತುಬಿಡುತ್ತಿದ್ದರು. "ಅಪ್ಪ, ಕಾಲೆತ್ತಿ ಮುಂದಿಡಿ" ಅಂತ ನಾನು ಹೇಳುತ್ತಿದ್ದೆ. "ಕಾಲು ನೆಲಕ್ಕೆ ಅಂಟಿಕೊಂಡ ಹಾಗಿದೆ ಕಣೋ" ಅನ್ನುತ್ತಿದ್ದರು. ಶರೀರಶಾಸ್ತ್ರ ಕಲಿಸುವ ನಾನು, ಸಿಡುಕಿದ್ದೂ ಇದೆ. ಬಲ ಇದೆ, ಕಾಲಿದೆ, ಮನಸ್ಸೂ ಇದೆ, ಯಾಕೆ ಎತ್ತಬಾರದು? ಒಂದು ದಿನ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಅವರ ಪಾದದ ಮುಂದೆ ನೆಲದ ಮೇಲೆ ಒಂದು ಕೋಲು ಅಡ್ಡ ಇಟ್ಟು, "ಇದನ್ನು ದಾಟಿ ಬನ್ನಿ" ಅಂದರು. ಅಪ್ಪ ಕೋಲು ದಾಟಿದರು. ಅಷ್ಟೇ ಸಲೀಸಾಗಿ. ಆಮೇಲೆ ನಾವು ಬಾಗಿಲಿನ ಎರಡೂ ಕಡೆ ಬಣ್ಣದ ಟೇಪಿನಲ್ಲಿ ಪಟ್ಟಿ ಎಳೆದೆವು.

ಒಳಗಿನಿಂದ ತಾನಾಗಿ ಶುರುವಾಗುವ ಚಲನೆಗೆ ಒಂದು ದಾರಿ, ಕಣ್ಣಿಗೆ ಕಂಡದ್ದಕ್ಕೆ ತಕ್ಕಂತೆ ಶುರುವಾಗುವ ಚಲನೆಗೆ ಹೆಚ್ಚಾಗಿ ಇನ್ನೊಂದು ದಾರಿ. ಮೊದಲನೆಯದು ಕಟ್ಟಿಹೋದರೂ ಎರಡನೆಯದು ತೆರೆದಿರಬಹುದು. ನೆಲದ ಮೇಲಿನ ಗೆರೆ, ತಾಳ ಹಾಕುವ ಸದ್ದು, "ಒಂದು, ಎರಡು" ಅಂತ ಎಣಿಸುವುದು, ಇವೆಲ್ಲ ಎಷ್ಟೋ ರೋಗಿಗಳಿಗೆ ಕೆಲಸ ಮಾಡುತ್ತವೆ. ನಾನು "ಕಾಲೆತ್ತಿ" ಅಂದಾಗ, ಮುಚ್ಚಿದ್ದ ದಾರಿಯಲ್ಲೇ ಮತ್ತೆ ಮತ್ತೆ ಹೋಗು ಅನ್ನುತ್ತಿದ್ದೆ.

ಇಲ್ಲಿಗೆ ನನ್ನ ಮಾತು ಮುಗಿದು ಪ್ರಶ್ನೆಗಳು ಶುರುವಾದವು.

ಹಿರಿಯರೊಬ್ಬರು ಕೇಳಿದರು: "ಲಕ್ವ ಹೊಡೆದ ಮೇಲೆ ಕೈ ವಾಪಸ್ ಬರುತ್ತಾ?" ಎಲ್ಲರಿಗೂ ಬರುತ್ತದೆ ಅಂತ ಹೇಳಲಾರೆ. ಲಕ್ಷಣ ಕಂಡ ತಕ್ಷಣ ಆಸ್ಪತ್ರೆಗೆ ಓಡಬೇಕು, ಅಲ್ಲಿ ಉಳಿಸಿದ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಆಮೇಲಿನ ಚೇತರಿಕೆಯ ದೊಡ್ಡ ಪಾಲು ಮೊದಲ ಕೆಲವು ತಿಂಗಳಲ್ಲಿ ಆಗುತ್ತದೆ, ಆದರೆ ಅಲ್ಲಿಗೇ ನಿಂತುಬಿಡುತ್ತದೆ ಅಂತಲ್ಲ. ಇದಕ್ಕೊಂದು ಹಳೆಯ ಕಥೆ ಇದೆ. 1895ರಲ್ಲಿ ಮಾಟ್ ಮತ್ತು ಶೆರಿಂಗ್ಟನ್ ಕೋತಿಯ ಒಂದು ತೋಳಿನಿಂದ ಸುದ್ದಿ ತರುವ ನರಗಳನ್ನು ಮಾತ್ರ ಕತ್ತರಿಸಿದಾಗ, ಅಪ್ಪಣೆಯ ನರಗಳು ಸರಿಯಾಗಿದ್ದರೂ ಆ ತೋಳು ಜೋತುಬಿತ್ತು. ಎಷ್ಟೋ ವರ್ಷಗಳ ಮೇಲೆ ಎಡ್ವರ್ಡ್ ಟೌಬ್ ಅಂಥ ಕೋತಿಯ ಒಳ್ಳೆಯ ತೋಳನ್ನು ಕಟ್ಟಿಹಾಕಿದರು. ಬೇರೆ ದಾರಿಯಿಲ್ಲದೆ ಅದು ಜೋತುಬಿದ್ದ ತೋಳನ್ನು ಬಳಸಿತು! ಆಗುವುದೇ ಇಲ್ಲ ಅಂತ ಅದು ಕಲಿತುಬಿಟ್ಟಿತ್ತು ಅಷ್ಟೇ. ಮನುಷ್ಯರಲ್ಲೂ, ಕೈ ಸ್ವಲ್ಪವಾದರೂ ಆಡುವಂತಿದ್ದರೆ, ಒಳ್ಳೆಯ ಕೈಗೆ ಗವಸು ಹಾಕಿ ಸೋತ ಕೈಯಿಂದ ದಿನಕ್ಕೆ ಗಂಟೆಗಟ್ಟಲೆ ಕೆಲಸ ಮಾಡಿಸುವ ಚಿಕಿತ್ಸೆ ಹೀಗೆ ಹುಟ್ಟಿತು. ಮನೆಯಲ್ಲಿ ನೀವೇ ಕೈ ಕಟ್ಟಲು ಹೋಗಬೇಡಿ, ತಿಳಿದ ಫಿಸಿಯೋಥೆರಪಿಸ್ಟ್ ಕೈಯಲ್ಲಿ ಮಾಡಿಸಿ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, ಕನಸಲ್ಲಿ ನಾನು ಓಡ್ತಾ ಇರ್ತೀನಿ. ಕಾಲು ಯಾಕೆ ಓಡಲ್ಲ?"

ಕನಸು ಕಾಣುವ ನಿದ್ದೆಯಲ್ಲಿ ಮೆದುಳಿನ ಕಾಂಡದಿಂದ ಒಂದು ತಡೆ ಇಳಿದು ಬೆನ್ನುಹುರಿಯ ಮೋಟಾರ್ ನರಕೋಶಗಳನ್ನು ಸುಮ್ಮನಾಗಿಸುತ್ತದೆ. ಮೇಲಿನಿಂದ ಓಡು ಅನ್ನುವ ಸುದ್ದಿ ಬಂದರೂ ಅವು ಏಳುವುದಿಲ್ಲ. ಕಣ್ಣು ಮತ್ತು ಉಸಿರಾಟಕ್ಕೆ ಮಾತ್ರ ರಿಯಾಯಿತಿ. ಫ್ರಾನ್ಸಿನ ಮಿಶೆಲ್ ಜೂವೆ ಬೆಕ್ಕುಗಳಲ್ಲಿ ಆ ತಡೆಯ ಜಾಗವನ್ನು ಹಾಳು ಮಾಡಿದಾಗ, ಅವು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಯ ಮೇಲೆ ಎರಗಿದವು. ಮನುಷ್ಯರಲ್ಲೂ ಈ ತಡೆ ತಪ್ಪುವ ಕಾಯಿಲೆ ಇದೆ ಅಂತ 1986ರಲ್ಲಿ ಗೊತ್ತಾಯಿತು. ಕನಸಿನಲ್ಲಿ ಹೊಡೆದದ್ದು ಪಕ್ಕದಲ್ಲಿ ಮಲಗಿದವರಿಗೆ ಬೀಳುತ್ತದೆ. ಮಧ್ಯವಯಸ್ಸು ದಾಟಿದ ಮೇಲೆ ಬೇರೆ ಕಾರಣವಿಲ್ಲದೆ ಇದು ಶುರುವಾದವರಲ್ಲಿ ಹೆಚ್ಚಿನವರಿಗೆ, ಎಷ್ಟೋ ವರ್ಷಗಳ ನಂತರ, ಪಾರ್ಕಿನ್ಸನ್ ಅಥವಾ ಅದರ ಹತ್ತಿರದ ಕಾಯಿಲೆ ಬರುತ್ತದೆ.

ಅಪ್ಪ ನಿದ್ದೆಯಲ್ಲಿ ಕೂಗುತ್ತಿದ್ದರು, ಕೈ ಬೀಸುತ್ತಿದ್ದರು. ಒಂದು ರಾತ್ರಿ ಅಮ್ಮನ ತುಟಿ ಒಡೆದಿತ್ತು. ಬೆಳಿಗ್ಗೆ ಅಪ್ಪನಿಗೆ ನೆನಪಿದ್ದದ್ದು ನಾಯಿ ಅಟ್ಟಿಸಿಕೊಂಡು ಬಂದ ಕನಸು ಮಾತ್ರ. ಅವರ ಬಲಗೈ ನಡುಗಲು ಶುರುವಾದದ್ದು ಅದಾಗಿ ಎಂಟು ವರ್ಷಕ್ಕೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ, ಜೊತೆಗೆ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ರಾತ್ರಿ ಏನಾಯಿತು ಅಂತ ಹೇಳಲು ಬರುವುದು ಅವರಿಗೇ.